ಒಂದೂ ಫೋನು ಬರಲಿಲ್ಲ

ಅಂದು ಬೆಳಗ್ಗೆ ಬೀಸಿದ ಗಾಳಿಗೆ ಬೇವಿನ ಮರ ಉರುಳಿ, ಊರಿಗೆ ಇಂಟರ್ನೆಟ್ ಕೊಡುವ ದ್ಯಾಮಣ್ಣನ ಕೇಬಲ್ಲು ತುಂಡಾಯಿತು. ಆದರೆ ಅವನ ಇನ್ನೂರು ಮನೆಗಳಿಂದ ಬೈಗುಳದ ಒಂದು ಫೋನೂ ಬರಲಿಲ್ಲ. ಎಲ್ಲೂ ನೆಟ್ ನಿಂತೇ ಇರಲಿಲ್ಲ. ಅನುಮಾನ ಹೊತ್ತು ಅವನು ಎದುರಾಳಿ ಮೌಲಾಸಾಬನ ಅಂಗಡಿಗೆ ನುಗ್ಗಿದ.

“ನನ್ನ ಗಿರಾಕಿಗಳನ್ನ ನಿನ್ನ ಲೈನಿಗೆ ಎಳಕೊಂಡಿಯೇನೋ?”

“ಹೌದಣ್ಣಾ. ಕೇಬಲ್ಲು ಹರಿದ ಕ್ಷಣಾನೇ ನಿನ್ನ ಮನೆಗಳೆಲ್ಲ ತಾವಾಗೇ ಈ ಕಡೆ ಹೊಳ್ಳಿದ್ವು.”

“ಮರ ಬೀಳೋದನ್ನೇ ಕಾಯ್ತಿದ್ದಿ! ನನ್ನ ನೆಟ್ ಪೆಟ್ಟಿಗೆಗೆ ನಿನ್ನ ತಂತಿ ಜೋಡಿಸಿದ ಕಳ್ಳ ಯಾರು?”

“ನಮ್ಮ ವೈನಿ. ನಿನ್ನ ಹೆಂಡ್ತಿ. ಹೋದ ವರ್ಷ ನನ್ನ ಲೈನು ಹರಿದಾಗ ಎರಡೂ ಲೈನು ಜೋಡಿಸಿ ನನ್ನ ಮನೆಗಳನ್ನೆಲ್ಲ ನಿನ್ನ ಲೈನಿನ ಮೇಲೇ ನಡೆಸಿದ್ರು. ನಿನಗೆ ಹೇಳಿದ್ರೆ ಕತ್ತರಿಸ್ತಿ ಅಂತ ಸುಮ್ಮನಿದ್ರು.”

ಸಂಜೆ ಕೇಬಲ್ಲು ಕೂಡಿಸಿದ ಮೇಲೆ ಮೌಲಾಸಾಬ ಆ ಇನ್ನೂರು ಮನೆಗಳನ್ನೂ ದ್ಯಾಮಣ್ಣನ ಲೈನಿಗೆ ಮರಳಿಸಿದ.