ಹಾಯ್ಟನ ಹಿಂಬಾಗಿಲು

ಪಿಕಪ್ ಟ್ರಕ್ಕಿನ ಹಿಂಬಾಗಿಲು ಧಡ್ಡನೆ ಮುಚ್ಚಿಕೊಂಡ ಸದ್ದಿಗೆ ಮುಂದೆ ಕುಳಿತಿದ್ದ ವರ್ಲೀನ್ ಬೆಚ್ಚಿದಳು. ಅವಳ ಗಂಡ ಹಾಯ್ಟ್ ಇದುವರೆಗೆ ಎಂದೂ ಅದನ್ನು ಮುಚ್ಚಿದವನೇ ಅಲ್ಲ. ತೆರೆದಿಟ್ಟರೆ ಗಾಳಿ ಸಲೀಸಾಗಿ ಹಾದುಹೋಗಿ ಪೆಟ್ರೋಲು ಉಳಿಯುತ್ತದೆಂಬುದು ಪಶ್ಚಿಮ ಟೆಕ್ಸಸ್‌ನ ಗಂಡಸರ ವೇದವಾಕ್ಯ. ಆ ವೇದವಾಕ್ಯದ ದೆಸೆಯಿಂದ ಅವಳ ಎಷ್ಟೋ ಕಲ್ಲಂಗಡಿಗಳು ಉರುಳಿ ಹೆದ್ದಾರಿಯ ಪಾಲಾಗಿದ್ದವು. ಇಂದು ಹಿಂದೆ ಇದ್ದದ್ದು ತೀರಿಕೊಂಡ ಅವಳ ಅಮ್ಮನ ತೂಗುಕುರ್ಚಿ.

“ಏನೋ ಜಿಪುಣ, ಬಾಗಿಲು ಹಾಕ್ಬಿಟ್ಟೆ? ಹಗ್ಗ ಕಟ್ಟಿದೀಯಲ್ಲ!”

“ಹಗ್ಗಾನ ನಂಬಕ್ಕಾಗಲ್ಲ ಕಣೇ,” ಎನ್ನುತ್ತ ಹಾಯ್ಟ್ ಹತ್ತಿ ಕುಳಿತ. “ಗಾಡಿ ಪೆಟ್ರೋಲ್ ಕುಡೀಲಿ ಬಿಡು ಇವತ್ತು, ಎಷ್ಟು ಕುಡಿಯುತ್ತೋ.”

ಊರು ದಾಟುತ್ತಲೇ ಅವನ ಚಡಪಡಿಕೆ ಶುರುವಾಯಿತು. ಹತ್ತಿರದ ಅಕ್ಷರ ಅವನಿಗೆ ಕಾಣದು. ಗ್ಯಾಲನ್ನಿಗೆ ಎಷ್ಟು ಮೈಲಿ ಬರುತ್ತಿದೆಯೆಂದು ಡ್ಯಾಶ್‌ಬೋರ್ಡಿನ ಪರದೆ ನೋಡಿ ಹೇಳುವುದು ಯಾವತ್ತೂ ಅವಳ ಕೆಲಸ.

“ಎಷ್ಟು ತೋರಿಸ್ತಿದೆ?”

ವರ್ಲೀನ್ ಬಗ್ಗಿ ನೋಡಿದಳು. ದಿನವೂ ಹದಿನಾರಿರುತ್ತಿದ್ದದ್ದು ಹದಿನೆಂಟಾಗಿತ್ತು. ಬಾಗಿಲು ಮುಚ್ಚಿದ್ದೇ ಲಾಭ! ಕಲ್ಲಂಗಡಿಗಳನ್ನು ನೆನೆದು ಅವಳಿಗೆ ನಗು ಉಕ್ಕಿತು. ಬಾಯಿ ತೆರೆಯುವ ಮೊದಲು ಅವನತ್ತ ತಿರುಗಿದಳು. ಹಾಯ್ಟ್ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಹಲ್ಲು ಕೀಳಿಸಿಕೊಳ್ಳಲು ಕುಳಿತವನಂತೆ ಕಾಯುತ್ತಿದ್ದ.

“ಹದಿಮೂರು,” ಎಂದಳು.

ಹಾಯ್ಟನ ಮುಖ ಹುಳ್ಳಗಾಯಿತು.

“ಹೋಗ್ಲಿ ಬಿಡು. ನಿಮ್ಮಮ್ಮನ ಕುರ್ಚಿಗಿಂತ ಹೆಚ್ಚಾ?”

ವರ್ಲೀನ್ ಅವನ ಪಕ್ಕಕ್ಕೆ ಸರಿದು, ಪರದೆಯ ಅಂಕಿಯನ್ನು ಬೆರಳಿಂದ ಮರೆಯಾಗಿಸಿ, ಅವನಿಷ್ಟದ ಹಾಡು ಹಾಕಿದಳು.