ಗೋಡೆಗೆ ಕೇಳಿಸುವ ಹಾಗೆ

ಸಾಲ ತೀರುವ ತನಕ ಮನೆಯ ಗೋಡೆಗಳು ಬ್ಯಾಂಕಿನ ಕಿವಿ. ಈ ಮನೆಯ ಮೇಲೆ ಮಾರುವವರು ಮಾಡಿದ ಸಾಲ ಮನೆಯ ಬೆಲೆಗಿಂತ ಜಾಸ್ತಿ, ಮಾರಿದರೂ ಪೂರ್ತಿ ತೀರುವುದಿಲ್ಲ; ನಾವು ಕೇಳಿದ ಕಮ್ಮಿ ಬೆಲೆಗೆ ಬ್ಯಾಂಕು ಒಪ್ಪಬೇಕು. ಅದಕ್ಕೇ ಭಾನುವಾರ ಬಂತೆಂದರೆ ನಾನೂ ನಮ್ಮ ಯಜಮಾನರೂ ಇಲ್ಲಿಗೆ ಬಂದು, ಕೊಳ್ಳುವವರೆಲ್ಲ ಮಾಡುವಂತೆ, ಗೋಡೆಗೆ ಕೇಳಿಸುವ ಹಾಗೆ ಮನೆಯನ್ನು ಬೈಯುತ್ತಿದ್ದೆವು.

"ಅಡುಗೆಮನೆಗೆ ಗಾಳೀನೇ ಇಲ್ಲ," ಎನ್ನುತ್ತಿದ್ದೆ, ಸೆರಗು ಹಾರದಂತೆ ಹಿಡಿದುಕೊಂಡು.

ಮಾರುವ ರಫಾಯಲ್ ಸಾರ್ ನಮ್ಮನ್ನೂ ಮೀರಿಸುತ್ತಿದ್ದರು. "ಕೆರೆ ಮುಚ್ಚಿ ಕಟ್ಟಿದ್ದು ಕಣಮ್ಮ. ಹಿಂದಿನ ರೂಮು ಕುಸೀತಾ ಇದೆ."

ರಸ್ತೆಗೆ ಬಂದಮೇಲೆ ನಾನು ಪಿಸುಗುಟ್ಟುತ್ತಿದ್ದೆ: "ರೀ, ಎಷ್ಟು ಚೆನ್ನಾಗಿ ನಾಟಕ ಆಡ್ತಾನೆ ನೋಡಿ. ಈ ಆಸಾಮಿನ ನಂಬಬೇಡಿ. ನಮ್ಮ ಬೆನ್ನ ಹಿಂದೆ ಇನ್ನೊಬ್ಬರಿಗೆ ಹೊಗಳಿ ಮಾರಿಬಿಡ್ತಾನೆ."

ಇವತ್ತು ಹಜಾರದ ಗೋಡೆ, "ನಿಮ್ಮ ಬೆಲೆಗೆ ಒಪ್ಪಿಗೆ. ಇನ್ನು ಹಿಂದೆ ಸರಿಯುವಂತಿಲ್ಲ," ಎಂದು ಹೇಳಿ ತನ್ನ ಕಿವಿ ಮುಚ್ಚಿಕೊಂಡಿತು.

ಖುಷಿಯಲ್ಲಿ ಅಂಗಡಿಯಿಂದ ಹಾಲು ತಂದು ಉಕ್ಕಿಸಿದೆ. ಉಕ್ಕಿದ ಹಾಲು ಅಷ್ಟೂ ಹಿಂದಿನ ರೂಮಿನ ಕಡೆಗೇ ಹರಿಯಿತು.

"ಸಾರ್, ಈಗ ಗೋಡೆಗೆ ಕೇಳಿಸಲ್ಲ. ನಿಜ ಹೇಳಿ. ನೀವು ಅಂದಿದ್ದೆಲ್ಲ..."

ರಫಾಯಲ್ ಸಾರ್ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

"ನಾನು ಒಂದು ದಿನಾನೂ ಸುಳ್ಳು ಹೇಳಿಲ್ಲಮ್ಮ."