ಹಲಗೆಯ ಆಚೆ

"ಯಾವುದನ್ನ ಒತ್ಲಿ ಅಮ್ಮಾ?" ಎಂದಳು ಮಗಳು. ಟೈಲರಮ್ಮನ ಅಂಗಡಿಯ ವೆಬ್‌ಸೈಟ್ ಸಿದ್ಧವಾಗಿತ್ತು. ಅದಕ್ಕೊಂದು ಸರ್ವರ್ ಆರಿಸುವುದಷ್ಟೇ ಬಾಕಿ. "ನಮಗೇ ಅಂತ ಒಂದು ತಗೊಂಡ್ರೆ ದುಬಾರಿ, ಹತ್ತಾರು ಜನರ ಜೊತೆ ಹಂಚ್ಕೊಂಡ್ರೆ ಅಗ್ಗ. ಆದ್ರೆ ಪಕ್ಕದೋರಿಗೆ ಗಿರಾಕಿ ಜಾಸ್ತಿಯಾದ್ರೆ ನಮ್ಮದು ನಿಧಾನ ಆಗುತ್ತೆ."

"ಪಕ್ಕದೋರ ಕಾಟ ನಂಗೆ ಗೊತ್ತಿಲ್ವಾ?" ಟೈಲರಮ್ಮ ಅಂಗಡಿಯನ್ನು ಎರಡು ಪಾಲು ಮಾಡಿದ್ದ ಮರದ ಹಲಗೆಯನ್ನು ದುರುಗುಟ್ಟಿ ನೋಡಿದಳು. ಆಚೆ ಗಡಿಯಾರ ರಿಪೇರಿಯವನ ಗೋಡೆ ತುಂಬ ಗಡಿಯಾರಗಳು ಒಂದರ ಹಿಂದೊಂದು ಗಂಟೆ ಬಾರಿಸುತ್ತಿದ್ದವು. "ಕೇಳು, ಎತ್ತು ಏರಿಗೆ, ಕೋಣ ನೀರಿಗೆ! ದುಬಾರಿಯಾದ್ರೂ ಪರವಾಗಿಲ್ಲ, ನಮಗೇ ಅಂತ ಬೇರೆ ತಗೋ."

ಬೈಯುತ್ತಲೇ ಅವಳು ಸೂಜಿ, ದಾರ ಎರಡನ್ನೂ ಹಲಗೆಯ ಮೇಲಿಂದ ಆಚೆ ಚಾಚಿದಳು. ಸೂಜಿಯ ಕಣ್ಣು ಅವಳಿಗೆ ಕಾಣದಾಗಿ ವರ್ಷಗಳೇ ಆಗಿದ್ದವು. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಿದ್ದ ಗಡಿಯಾರದವನು ಅವನ್ನು ತೆಗೆದುಕೊಂಡ. ಮರುಕ್ಷಣವೇ ದಾರ ಪೋಣಿಸಿದ ಸೂಜಿ ಹಲಗೆ ದಾಟಿ ವಾಪಸು ಬಂತು. ದಾರದ ತುದಿಗೆ ಗಂಟನ್ನೂ ಹಾಕಿದ್ದ.

ಮಗಳು ನಗು ತಡೆದುಕೊಂಡು ಕಾದಳು. ಟೈಲರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ, "ಹಂಚ್ಕೊಳ್ಳೋದನ್ನೇ ಒತ್ತು," ಎಂದಳು. "ಸ್ವಲ್ಪ ನಿಧಾನ ಆದ್ರೆ ಆಗ್ಲಿ ಬಿಡು." ಆಚೆ, ಉಳಿದವೆಲ್ಲ ಬಾರಿಸಿ ಮುಗಿದ ಮೇಲೆ, ಹಿಂದುಳಿದಿದ್ದ ಕೊನೆಯ ಗಡಿಯಾರವೊಂದು ನಿಧಾನವಾಗಿ ಗಂಟೆ ಹೊಡೆಯಿತು.